ಪ್ರಯೋಜನವಿಲ್ಲದ ಮಾತು ಮತ್ತು ಅನರ್ಥದಂಡವ್ರತ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಎಲ್ಲಕ್ಕಿಂತ ಕಡಿಮೆ ವಿಚಾರಕ್ಕೆ ಒಳಗಾಗುವ ವ್ರತವೆಂದರೆ ಅನರ್ಥದಂಡವ್ರತ. ಅಹಿಂಸೆಯನ್ನು ಕುರಿತು ಪ್ರವಚನಗಳನ್ನು ಕೇಳುತ್ತೇವೆ. ರಾತ್ರಿಭೋಜನ ತ್ಯಾಗವನ್ನು ಮಕ್ಕಳಿಗೆ ಕಲಿಸುತ್ತೇವೆ. ಅಷ್ಟಮಿ ಚತುರ್ದಶಿಗಳಂದು ಏಕಾಶನವನ್ನೋ ಉಪವಾಸವನ್ನೋ ಶಕ್ತ್ಯನುಸಾರ ಆಚರಿಸುತ್ತೇವೆ. ಆದರೆ ಯಾವ ಪ್ರಯೋಜನವೂ ಇಲ್ಲದೆ ಮನೋವಾಕ್ಕಾಯಗಳನ್ನು ಹರಿಯಬಿಟ್ಟು ಪಾಪವನ್ನು ಕಟ್ಟಿಕೊಳ್ಳುವುದನ್ನು ಬಿಡಬೇಕೆಂದು ಹೇಳುವ ಈ ವ್ರತವು ಮಾತ್ರ ಪುಸ್ತಕದ ಪುಟದಲ್ಲಿಯೇ ಉಳಿದುಬಿಟ್ಟಿದೆ. ಇಂದಿನ ಗೃಹಸ್ಥ ಜೀವನವನ್ನು ಗಮನಿಸಿದರೆ ಈ ವ್ರತದಷ್ಟು ಅವಶ್ಯಕವಾದ ವ್ರತ ಇನ್ನೊಂದಿಲ್ಲವೆಂದೇ ತೋರುತ್ತದೆ.

ಇಂದು ಪ್ರತಿ ಮನೆಯಲ್ಲಿಯೂ, ಬಹುಮಟ್ಟಿಗೆ ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲ್ ಇದೆ. ಅದರ ಮೂಲಕ ಮನುಷ್ಯನು ಬೆಳಗಿನಿಂದ ರಾತ್ರಿಯವರೆಗೆ ಲೋಕದ ಸಮಸ್ತ ವಿಷಯಗಳ ಮೇಲೆಯೂ ಅಭಿಪ್ರಾಯವನ್ನು ಕೊಡುತ್ತಾನೆ. ಯಾವ ಯಂತ್ರ ಒಳ್ಳೆಯದು, ಯಾವ ಚಲನಚಿತ್ರ ನಿಸ್ಸಾರ, ಯಾವ ವಾರ್ತಾವಾಹಿನಿ ಮಾರಾಟವಾಗಿದೆ, ಕೃತಕ ಬುದ್ಧಿಮತ್ತೆಯು ಲೋಕವನ್ನು ಉದ್ಧರಿಸುವುದೋ ಹಾಳುಮಾಡುವುದೋ ಎಂಬುದರಿಂದ ಹಿಡಿದು ಯಾವನೋ ಅಪರಿಚಿತನ ಶೀಲದವರೆಗೆ ಅವನು ನ್ಯಾಯಾಧೀಶನಾಗುತ್ತಾನೆ. ಕೇಳಿದರೆ, ‘ನನ್ನ ಅಭಿಪ್ರಾಯ ಹೇಳಿದೆ, ಅಷ್ಟೆ, ಇದರಲ್ಲಿ ಪಾಪವೇನು?’ ಎನ್ನುತ್ತಾನೆ. ಈ ಪ್ರಶ್ನೆಯು ಹಗುರವಾದುದಲ್ಲ. ಯಾರಿಗೂ ಕೇಡು ಬಯಸದೆ, ಕಾಲಹರಣಕ್ಕಾಗಿ ಆಡಿದ ಮಾತಿನಿಂದಲೂ ಕರ್ಮಬಂಧವಾಗುವುದೇ? ಆಗುವುದಾದರೆ ಎಷ್ಟರಮಟ್ಟಿಗೆ? ಇದನ್ನು ಶಾಸ್ತ್ರದ ಬೆಳಕಿನಲ್ಲಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ವಿಧವಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ ಮತ್ತು ಪ್ರಮಾದಚರ್ಯೆ. ಗೃಹಸ್ಥನು ಅಡಿಗೆ ಮಾಡಬೇಕು, ಉಳಬೇಕು, ವ್ಯಾಪಾರ ನಡೆಸಬೇಕು, ಮನೆ ಕಟ್ಟಬೇಕು. ಇವುಗಳಲ್ಲಿ ಆಗುವ ಆರಂಭದೋಷವು ಜೀವನನಿರ್ವಾಹದೊಡನೆ ಬಂದದ್ದು. ಅದಕ್ಕೆ ಒಂದು ಅರ್ಥವಿದೆ. ಆದರೆ ಸಂಸಾರಕ್ಕೂ ಬೇಡವಾದ, ಧರ್ಮಕ್ಕೂ ಬೇಡವಾದ ಪಾಪವನ್ನು ಸುಮ್ಮನೆ ಹೊತ್ತುಕೊಳ್ಳುವುದು ಅನರ್ಥ. ಸಾಲ ಮಾಡಿ ಧಾನ್ಯ ಕೊಂಡವನ ಮನೆಯವರು ಉಂಡಾರು. ಸಾಲ ಮಾಡಿ ಬೂದಿ ಕೊಂಡವನಿಗೆ ಸಾಲವೊಂದೇ ಉಳಿಯುತ್ತದೆ. ಅನರ್ಥದಂಡವೆಂಬುದು ಬೂದಿಗಾಗಿ ಮಾಡಿದ ಸಾಲ.

ಈ ಐದು ವಿಧಗಳೂ ಇಂದಿನ ಮೊಬೈಲಿನ ಪುಟ್ಟ ಗಾಜಿನ ಮೇಲೆ ಒಟ್ಟಾಗಿ ವಾಸಮಾಡುತ್ತಿವೆ. ತನಗೆ ಪರಿಚಯವೇ ಇಲ್ಲದ ನಟನ ಚಿತ್ರವು ಸೋಲಲಿ, ತಾನು ಮೆಚ್ಚದ ಕಂಪನಿಯು ಮುಳುಗಲಿ, ಎದುರು ಪಕ್ಷದವನಿಗೆ ಅಪಮಾನವಾಗಲಿ ಎಂದು ಬಯಸುವುದು ಅಪಧ್ಯಾನ. ರಾಗದ್ವೇಷಗಳನ್ನು ಕೆರಳಿಸುವ ಮಾತುಗಳನ್ನು ಗಂಟೆಗಟ್ಟಲೆ ಕೇಳುವುದು, ಓದುವುದು ದುಃಶ್ರುತಿ. ‘ಇಂಥವನಿಗೆ ತಕ್ಕ ಶಾಸ್ತಿ ಮಾಡಬೇಕು’ ಎಂದು ಕುಳಿತಲ್ಲಿಂದಲೇ ಸಲಹೆ ಕೊಡುವುದು ಪಾಪೋಪದೇಶ. ಕತ್ತಿ, ವಿಷ, ಬೆಂಕಿಗಳಂತಹ ಹಿಂಸೆಯ ಸಾಧನಗಳನ್ನು ಅನ್ಯರಿಗೆ ಒದಗಿಸುವುದನ್ನು ಹಿಂಸಾದಾನವೆಂದು ಆಚಾರ್ಯರು ಹೇಳಿದರು. ಒಬ್ಬನನ್ನು ಹಿಡಿದು ಬಡಿಯುವಂತೆ ಜನರನ್ನು ಉದ್ರೇಕಿಸಬಲ್ಲ ಸುಳ್ಳು ವಾರ್ತೆಯೂ ಅಂತಹ ಒಂದು ಸಾಧನವೇ ಅಲ್ಲವೇ? ಇನ್ನು ಪ್ರಮಾದಚರ್ಯೆ: ಕಾರಣವಿಲ್ಲದೆ ನೆಲವನ್ನಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಬೀಸುವುದು, ಗಿಡಬಳ್ಳಿಗಳನ್ನು ಕಡಿಯುವುದು. ನಾವು ಕಳುಹಿಸುವ ಪ್ರತಿ ಚಿತ್ರವೂ ಎಲ್ಲಿಯೋ ಒಂದು ಕಟ್ಟಡದೊಳಗಿನ ಯಂತ್ರಗಳಲ್ಲಿ ಶೇಖರವಾಗುತ್ತದೆ. ಆ ಯಂತ್ರಗಳಿಗೆ ವಿದ್ಯುತ್ತು ಬೇಕು. ಅವುಗಳ ಕಾವನ್ನು ತಣಿಸಲು ಅನೇಕ ಕಡೆಗಳಲ್ಲಿ ನೀರು ಬೇಕು. 2024ರಲ್ಲಿ ಇಂತಹ ದತ್ತಾಂಶ ಕೇಂದ್ರಗಳು ಬಳಸಿದ ವಿದ್ಯುತ್ತು ಜಗತ್ತಿನ ಒಟ್ಟು ಬಳಕೆಯ ಸುಮಾರು ಶೇಕಡಾ 1.5ರಷ್ಟು ಎಂದು ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯು ಅಂದಾಜು ಮಾಡಿದೆ. ಒಂದು ಸಂದೇಶದ ಪಾಲು ಅದರಲ್ಲಿ ಅತ್ಯಲ್ಪವೆಂಬುದು ನಿಜ. ಆದರೆ ಸೋಸಿದ ನೀರನ್ನೇ ಕುಡಿಯುವ ಮನೆತನಕ್ಕೆ ಅಲ್ಪವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಅಭ್ಯಾಸ ಹೊಸತಲ್ಲ.

ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ‘ಮೌಖರ್ಯ’ವೆಂಬುದೊಂದು. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಅದನ್ನು ವಿವರಿಸುವ ರೀತಿಯನ್ನು ನೋಡಿದರೆ, ಧಾರ್ಷ್ಟ್ಯದಿಂದ ಕೂಡಿದ, ಅರ್ಥವಿಲ್ಲದ, ಅತಿಯಾದ ಮಾತೆಂದು ತಿಳಿಯುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೌಖರ್ಯವೆಂದರೆ ಸುಳ್ಳು ಹೇಳುವುದಲ್ಲ; ಸುಳ್ಳಿಗೆ ಸತ್ಯಾಣುವ್ರತದಲ್ಲಿ ಬೇರೆಯೇ ಸ್ಥಾನವಿದೆ. ಸುಳ್ಳಲ್ಲದಿದ್ದರೂ ಬೇಕಿಲ್ಲದ ಮಾತು, ತಿಳಿಯದೆ ಧೈರ್ಯದಿಂದ ಆಡಿದ ಮಾತು, ಇದು ಪ್ರತ್ಯೇಕವಾದ ಒಂದು ದೋಷವೆಂದು ಗುರುತಿಸಿರುವುದರಲ್ಲಿಯೇ ನಮ್ಮ ಆಚಾರ್ಯರ ಸೂಕ್ಷ್ಮದೃಷ್ಟಿ ವ್ಯಕ್ತವಾಗುತ್ತದೆ. ಅದೇ ಸೂತ್ರದಲ್ಲಿ ಬರುವ ‘ಅಸಮೀಕ್ಷ್ಯಾಧಿಕರಣ’ವು, ಪ್ರಯೋಜನವನ್ನು ಪರೀಕ್ಷಿಸದೆ ಮಿತಿಮೀರಿ ಪ್ರವರ್ತಿಸುವುದು. ಬಂದ ಸಂದೇಶವನ್ನು ಕೊನೆಯವರೆಗೆ ಓದದೆಯೇ ಹತ್ತು ಮಂದಿಗೆ ಕಳುಹಿಸುವ ಕ್ರಿಯೆಗೆ ಇದಕ್ಕಿಂತ ಸರಿಯಾದ ಹೆಸರನ್ನು ಹುಡುಕಲಾಗದು.

‘ನನ್ನ ಮನಸ್ಸಿನಲ್ಲಿ ಹಿಂಸೆಯ ಭಾವ ಇರಲಿಲ್ಲ’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಮಾಧಾನ. ಭಾವವೇ ಬಂಧಕ್ಕೆ ಮುಖ್ಯ ಕಾರಣವೆಂಬುದನ್ನು ಜೈನಸಿದ್ಧಾಂತವು ಒಪ್ಪುತ್ತದೆ. ತೀವ್ರಭಾವ ಮಂದಭಾವ, ತಿಳಿದು ಮಾಡಿದ್ದು ತಿಳಿಯದೆ ಮಾಡಿದ್ದು ಎಂಬ ಭೇದಗಳಿಂದ ಆಸ್ರವದಲ್ಲಿಯೂ ಭೇದವುಂಟಾಗುತ್ತದೆಂದು ಉಮಾಸ್ವಾಮಿಗಳು ಹೇಳಿದ್ದಾರೆ. ಆದ್ದರಿಂದ ಬೇಕೆಂದೇ ವಿಷವಿಕ್ಕಿದವನೂ ಅಜಾಗರೂಕತೆಯಿಂದ ಮಾತನಾಡಿದವನೂ ಸಮಾನರೆಂದು ಯಾರೂ ಹೇಳುವುದಿಲ್ಲ. ಆದರೆ ಭೇದವುಂಟೆಂದರೆ ಬಂಧವೇ ಇಲ್ಲವೆಂದು ಅರ್ಥವಲ್ಲ. ಹಿಂಸೆಯ ಲಕ್ಷಣದಲ್ಲಿಯೇ ‘ಪ್ರಮತ್ತಯೋಗ’ವನ್ನು ಸೇರಿಸಲಾಗಿದೆ. ದ್ವೇಷವಿಲ್ಲದಿದ್ದರೂ ಅಜಾಗರೂಕತೆಯಿರಬಹುದು, ಅಜಾಗರೂಕತೆಯೂ ಮನಸ್ಸಿನ ಒಂದು ಸ್ಥಿತಿಯೇ. ಹಿಂಸೆಯ ಭಾವವಿರಲಿಲ್ಲ ಎಂದಷ್ಟೇ ಹೇಳಿದರೆ ಸಾಲದು. ಎಚ್ಚರವಿತ್ತೇ ಎಂಬುದಕ್ಕೂ ಉತ್ತರ ಹೇಳಬೇಕು.

ನಮ್ಮ ನಾಡಿನಲ್ಲಿಯೇ ನಡೆದ ಒಂದು ಘಟನೆಯು ಇದನ್ನು ಸ್ಪಷ್ಟಪಡಿಸುತ್ತದೆ. 2018ರಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸುಳ್ಳು ಸಂದೇಶಗಳು ವಾಟ್ಸ್ಆ್ಯಪ್ ಮೂಲಕ ದೇಶದ ಅನೇಕ ರಾಜ್ಯಗಳಲ್ಲಿ ಹರಡಿದವು. ಆ ವರ್ಷ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಗೆ ಬಂದಿದ್ದ ಹೈದರಾಬಾದಿನ ಕಡೆಯ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಅದನ್ನು ಕಂಡ ಕೆಲವರಿಗೆ ಸಂಶಯ ಹುಟ್ಟಿತು. ಸುದ್ದಿಯು ಅವರ ವಾಹನಕ್ಕಿಂತ ವೇಗವಾಗಿ ಮುಂದಿನ ಊರಿಗೆ ತಲುಪಿತು. ಮುರ್ಕಿ ಗ್ರಾಮದ ಬಳಿ ನೂರಾರು ಜನ ಸೇರಿ ಅವರನ್ನು ಬಡಿದರು. ಒಬ್ಬ ತರುಣ ಇಂಜಿನಿಯರ್ ಮೃತನಾದನು. ಅಲ್ಲಿ ಕೈಯೆತ್ತಿದವರನ್ನು ಕಾನೂನು ವಿಚಾರಿಸಬಹುದು. ಆದರೆ ಮನೆಯಲ್ಲಿ ಕುಳಿತು, ‘ಎಚ್ಚರವಾಗಿರಲಿ ಎಂದು ಕಳುಹಿಸಿದೆ’ ಎಂದು ಒಂದೇ ಬೆರಳಿನಿಂದ ಆ ವಾರ್ತೆಯನ್ನು ಮುಂದಕ್ಕೆ ದೂಡಿದವರೆಷ್ಟು ಮಂದಿ! ಅವರಲ್ಲಿ ಬಹುಜನರು ಮಕ್ಕಳನ್ನು ಪ್ರೀತಿಸುವ ತಂದೆತಾಯಿಗಳೇ ಆಗಿರಬೇಕು. ಯಾರೊಬ್ಬರಲ್ಲಿಯೂ ಕೊಲೆಯ ಸಂಕಲ್ಪವಿಲ್ಲದಿದ್ದರೂ ಕೊಲೆಯು ನಡೆಯಿತು. ಅನರ್ಥದಂಡವೆಂಬ ಪದದ ಅರ್ಥವು ಇದಕ್ಕಿಂತ ಭಯಂಕರವಾಗಿ ಇನ್ನೆಲ್ಲಿ ತಿಳಿಯಬೇಕು?

ಜಪಮಾಲೆಯಲ್ಲಿ 108 ಮಣಿಗಳಿರುವುದೇಕೆಂದು ಮಕ್ಕಳು ಕೇಳಿದಾಗ ಹಿರಿಯರು ಒಂದು ಲೆಕ್ಕವನ್ನು ಹೇಳುವುದುಂಟು. ಸಂರಂಭ, ಸಮಾರಂಭ, ಆರಂಭ ಎಂದು ಮೂರು. ಮನ, ವಚನ, ಕಾಯ ಎಂದು ಮೂರು. ತಾನು ಮಾಡಿದ್ದು, ಅನ್ಯರಿಂದ ಮಾಡಿಸಿದ್ದು, ಮಾಡಿದವರನ್ನು ಅನುಮೋದಿಸಿದ್ದು ಎಂದು ಮೂರು. ಕ್ರೋಧ, ಮಾನ, ಮಾಯಾ, ಲೋಭಗಳೆಂಬ ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ 108 ಪಾಪದ್ವಾರಗಳಾಗುತ್ತವೆ. ಈ ಲೆಕ್ಕದಲ್ಲಿ ಕೃತ, ಕಾರಿತ, ಅನುಮತ ಎಂಬ ಮೂರನ್ನು ಇಂದಿನ ವ್ಯವಹಾರಕ್ಕೆ ಹೋಲಿಸಿ ನೋಡಬೇಕು. ಒಬ್ಬನನ್ನು ನಿಂದಿಸಿ ತಾನೇ ಬರೆದದ್ದು ಕೃತ. ಬಂದ ನಿಂದೆಯನ್ನು ಹತ್ತು ಮಂದಿಗೆ ಫಾರ್ವರ್ಡ್ ಮಾಡಿ ಅವರಿಂದ ಮುಂದಕ್ಕೆ ಹರಡಿಸಿದ್ದು ಕಾರಿತ. ಏನನ್ನೂ ಬರೆಯದೆ, ಏನನ್ನೂ ಕಳುಹಿಸದೆ, ಹೆಬ್ಬೆರಳನ್ನು ಮೇಲಕ್ಕೆತ್ತಿದ ಗುರುತನ್ನು ಒತ್ತಿದ್ದು ಅನುಮತ. ಲೌಕಿಕ ನ್ಯಾಯವು ಮೊದಲನೆಯದನ್ನು ಹೆಚ್ಚಾಗಿಯೂ ಎರಡನೆಯದನ್ನು ಕೆಲವೊಮ್ಮೆಯೂ ವಿಚಾರಿಸುತ್ತದೆ. ಕರ್ಮಸಿದ್ಧಾಂತವು ಮೂರನೆಯದನ್ನೂ ಬಿಡುವುದಿಲ್ಲ. ಮೆಚ್ಚುಗೆಯ ಗುರುತನ್ನು ಒತ್ತುವ ಆ ಕ್ಷಣಕಾಲದ ಕ್ರಿಯೆಯು ಸಣ್ಣದೆಂದು ತಿಳಿಯುವವನು ಮಾಲೆಯ ಮೂರನೆಯ ಒಂದು ಭಾಗವನ್ನೇ ಕಿತ್ತುಹಾಕಿದಂತಾಯಿತು.

ಇಲ್ಲಿ ವಿದ್ಯಾವಂತರಾದ ನಮ್ಮ ತರುಣರು ಒಂದು ಆಕ್ಷೇಪವನ್ನು ಎತ್ತುತ್ತಾರೆ: ‘ಅನೇಕಾಂತವೇ ನಮ್ಮ ಧರ್ಮದ ತಿರುಳಲ್ಲವೇ? ಪ್ರತಿಯೊಬ್ಬರ ಅಭಿಪ್ರಾಯದಲ್ಲಿಯೂ ಸತ್ಯದ ಅಂಶವಿದೆಯೆಂದ ಮೇಲೆ ಎಲ್ಲರೂ ತಂತಮ್ಮ ಅಭಿಪ್ರಾಯ ಹೇಳಿದರೆ ತಪ್ಪೇನು?’ ಆಕ್ಷೇಪವು ಗೌರವಕ್ಕೆ ಅರ್ಹವಾದುದೇ. ಆದರೆ ಅನೇಕಾಂತದ ಅರ್ಥ ಹಾಗಿಲ್ಲ. ನಯವೆಂದರೆ ವಸ್ತುವನ್ನು ತಿಳಿದವನು, ಅದರ ಉಳಿದ ಧರ್ಮಗಳನ್ನು ಅಲ್ಲಗಳೆಯದೆ, ಒಂದು ಧರ್ಮವನ್ನು ಮುಖ್ಯವಾಗಿಟ್ಟು ಹೇಳುವ ಮಾತು. ಇತರ ನಯಗಳ ಅಪೇಕ್ಷೆಯಿಲ್ಲದ ನಯವು ಮಿಥ್ಯೆಯೆಂದು ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಸ್ಥಾಪಿಸಿದ್ದಾರೆ. ಹಾಗಾದರೆ ವಸ್ತುವನ್ನೇ ಅರಿಯದೆ ಹೇಳಿದ ಅಭಿಪ್ರಾಯವು ನಯವಾಗುವುದು ಹೇಗೆ? ಆನೆಯನ್ನು ಮುಟ್ಟಿ ನೋಡಿದ ಕುರುಡರಲ್ಲಿ ಒಬ್ಬನು ಕಂಬವೆಂದನು, ಒಬ್ಬನು ಮೊರವೆಂದನು. ಅವರು ಆನೆಯ ಒಂದೊಂದು ಅಂಗವನ್ನಾದರೂ ಮುಟ್ಟಿದ್ದರು. ಆನೆಯ ಬಳಿಗೇ ಹೋಗದೆ, ಮುಟ್ಟಿದವರ ಜಗಳವನ್ನು ದೂರದಿಂದ ಕೇಳಿ ತೀರ್ಪು ಕೊಡುವವನಿಗೆ ಆ ದೃಷ್ಟಾಂತದಲ್ಲಿ ಸ್ಥಾನವೇ ಇಲ್ಲ. ಅಲ್ಲದೆ ಸಪ್ತಭಂಗಿಯಲ್ಲಿ ‘ಅವಕ್ತವ್ಯ’ವೆಂಬ ಭಂಗವೂ ಇದೆ. ಅದು ವಸ್ತುವಿನ ಪರಸ್ಪರ ವಿರುದ್ಧ ಧರ್ಮಗಳನ್ನು ಏಕಕಾಲಕ್ಕೆ ಹೇಳಲಾಗದೆಂಬ ತಾರ್ಕಿಕ ನಿಲುವೇ ಹೊರತು ಮೌನದ ಉಪದೇಶವಲ್ಲ. ಆದರೂ ಮಾತಿಗೆ ಒಂದು ಎಲ್ಲೆಯಿದೆಯೆಂಬ ವಿನಯವನ್ನು ಅದರಿಂದ ಕಲಿಯಬಹುದು.

ಇತರರ ಲಘು ಅಭಿಪ್ರಾಯಗಳಿಂದ ಆಗುವ ನೋವು ಎಂತಹುದೆಂಬುದನ್ನು ನಮ್ಮ ಸಮಾಜವು 2015ರಲ್ಲಿ ಅನುಭವಿಸಿತು. ಆ ವರ್ಷದ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾ ಅಥವಾ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮಾನವೆಂದು ನಿರ್ಣಯಿಸಿತು. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯವು ಆ ಆದೇಶಕ್ಕೆ ತಡೆ ನೀಡಿತು. ನಡುವಣ ಮೂರು ವಾರಗಳಲ್ಲಿ ಸಲ್ಲೇಖನವೆಂಬ ಪದವನ್ನು ಹಿಂದಿನ ದಿನದವರೆಗೆ ಕೇಳಿಯೇ ಇರದವರೂ ಅದರ ಮೇಲೆ ತೀರ್ಪಿತ್ತರು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸುಮಾರು 7ನೆಯ ಶತಮಾನದಿಂದ ಕೊರೆದಿರುವ ಸಮಾಧಿಮರಣದ ಶಾಸನಗಳನ್ನಾಗಲಿ, ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಜರೆ, ರೋಗಗಳು ಒದಗಿದಾಗ ಮಾತ್ರ ಎಂಬ ಶಾಸ್ತ್ರದ ನಿಬಂಧನೆಯನ್ನಾಗಲಿ, ಕಷಾಯಗಳನ್ನು ಕೃಶಗೊಳಿಸದೆ ಕೇವಲ ಕಾಯವನ್ನು ಕೃಶಗೊಳಿಸಿದರೆ ಅದು ಸಲ್ಲೇಖನವೇ ಅಲ್ಲವೆಂಬ ತತ್ತ್ವವನ್ನಾಗಲಿ ಅವರು ಅರಿತಿರಲಿಲ್ಲ. ನಮಗೆ ನೋವಾಯಿತು. ಆಗಸ್ಟ್ 24ರಂದು ದೇಶದ ಅನೇಕ ನಗರಗಳಲ್ಲಿ ನಮ್ಮ ಸಮಾಜವು ಮೌನ ಮೆರವಣಿಗೆಯ ಮೂಲಕ ಆ ನೋವನ್ನು ಪ್ರಕಟಿಸಿತು. ಕೂಗಾಟವಿಲ್ಲದ ಆ ಮೌನವು ನಮ್ಮ ಪರಂಪರೆಗೆ ಒಪ್ಪುವಂತಹುದಾಗಿತ್ತು. ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕು: ನಮ್ಮ ಆಚರಣೆಯನ್ನು ಅರಿಯದವರು ಅದನ್ನು ಹಳಿದಾಗ ನೋಯುವ ನಾವು, ಅನ್ಯರ ಆಹಾರ, ಆಚಾರ, ದೇವರು, ಸಂಸಾರಗಳ ಮೇಲೆ ಅಷ್ಟೇ ಹಗುರವಾಗಿ ಬೆರಳಾಡಿಸುವುದಿಲ್ಲವೇ?

ಇದಕ್ಕೆ ಉಪಾಯವೇನು? ಸತ್ಯವ್ರತವನ್ನು ಸ್ಥಿರಪಡಿಸಲು ತತ್ತ್ವಾರ್ಥಸೂತ್ರವು ಐದು ಭಾವನೆಗಳನ್ನು ಹೇಳಿದೆ. ಕ್ರೋಧ, ಲೋಭ, ಭಯ, ಹಾಸ್ಯ ಈ ನಾಲ್ಕರ ತ್ಯಾಗ. ಐದನೆಯದು ‘ಅನುವೀಚಿಭಾಷಣ’, ಎಂದರೆ ವಿಚಾರಿಸಿ ಆಡುವ ಮಾತು. ಮಾತು ಕೆಡುವುದಕ್ಕೆ ಕಾರಣಗಳು ಎಷ್ಟೆಂದು ಇಂದು ಯಾರಾದರೂ ಹೊಸದಾಗಿ ಸಂಶೋಧಿಸಿದರೂ ಈ ನಾಲ್ಕಕ್ಕಿಂತ ಹೆಚ್ಚು ಸಿಕ್ಕುವುದು ಕಷ್ಟ. ಬೀದರಿನ ಘಟನೆಯಲ್ಲಿ ಸುಳ್ಳನ್ನು ಹರಡಿದ್ದು ಭಯ. ಜನರನ್ನು ಕೆರಳಿಸಿ ಹೆಚ್ಚು ಜನರ ನೋಟವನ್ನು ಸೆಳೆದು ಹಣ ಗಳಿಸುವ ವಾಹಿನಿಗಳಲ್ಲಿ ಇರುವುದು ಲೋಭ. ವಾದದಲ್ಲಿ ಸೋತವನು ಎದುರಾಳಿಯ ತಾಯಿತಂದೆಯರನ್ನು ಎಳೆದು ತರುವುದು ಕ್ರೋಧ. ಇವೆಲ್ಲಕ್ಕಿಂತ ಮೋಸಗೊಳಿಸುವುದು ಹಾಸ್ಯ. ಹುಡುಗಿಯೊಬ್ಬಳ ಚಿತ್ರವನ್ನು ವಿಕಾರಗೊಳಿಸಿ ಕಳುಹಿಸಿದವನು ‘ತಮಾಷೆಗೆ’ ಎನ್ನುತ್ತಾನೆ. ನಕ್ಕವರು ಮರೆತುಬಿಡುತ್ತಾರೆ, ಆ ಹುಡುಗಿ ಮರೆಯಲಾರಳು. ಹಾಸ್ಯವನ್ನು ಕ್ರೋಧ ಲೋಭಗಳ ಸಾಲಿನಲ್ಲಿ ನಿಲ್ಲಿಸಿದ ಸೂತ್ರಕಾರರ ಔಚಿತ್ಯವನ್ನು ಆಕೆಯ ತಂದೆತಾಯಿಗಳು ತಿಳಿಯಬಲ್ಲರು. ಸತ್ಯಾಣುವ್ರತದ ಅತಿಚಾರಗಳಲ್ಲಿ ಅನ್ಯರ ಗುಟ್ಟನ್ನು ಹೊರಗೆಡಹುವ ‘ರಹೋಭ್ಯಾಖ್ಯಾನ’ವೂ, ಇಲ್ಲದ್ದನ್ನು ಬರೆದು ಸೃಷ್ಟಿಸುವ ‘ಕೂಟಲೇಖಕ್ರಿಯೆ’ಯೂ ಸೇರಿವೆ. ಇಂದು ಯಂತ್ರದ ನೆರವಿನಿಂದ ಒಬ್ಬನ ಮುಖವನ್ನೂ ಧ್ವನಿಯನ್ನೂ ನಕಲು ಮಾಡಿ, ಅವನು ಆಡದ ಮಾತನ್ನು ಆಡಿಸಬಹುದಾಗಿದೆ. ಉಪಕರಣವು ಹೊಸದು, ದೋಷವು ಹಳೆಯದು.

ಇಷ್ಟು ಹೇಳಿದುದರಿಂದ ಯಂತ್ರವೇ ಪಾಪವೆಂದಾಗಲಿ, ಅಭಿಪ್ರಾಯವನ್ನೇ ಹೇಳಬಾರದೆಂದಾಗಲಿ ತಾತ್ಪರ್ಯವಲ್ಲ. ಹಿಂದೆ ಮುದ್ರಣಯಂತ್ರವು ಬಂದಾಗ ಜಿನವಾಣಿಯನ್ನು ಅಚ್ಚುಹಾಕಿಸಬಹುದೇ ಎಂಬ ವಿಷಯದಲ್ಲಿ ನಮ್ಮ ಸಮಾಜದಲ್ಲಿ ತೀವ್ರವಾದ ವಿರೋಧವಿತ್ತು. ಶಾಸ್ತ್ರಕ್ಕೆ ಅವಿನಯವಾದೀತೆಂಬ ಅವರ ಭಯಕ್ಕೆ ಕಾರಣವಿತ್ತು. ಗ್ರಂಥಗಳು ಗೆದ್ದಲಿನ ಪಾಲಾಗುವುವೆಂಬ ಎದುರು ಪಕ್ಷದವರ ಭಯಕ್ಕೂ ಕಾರಣವಿತ್ತು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಸಿಕ್ಕುತ್ತಿದ್ದ ಷಟ್ಖಂಡಾಗಮವು ಧವಲಾ ಟೀಕೆಯೊಡನೆ 1939ರಿಂದ 1958ರವರೆಗೆ 16 ಸಂಪುಟಗಳಲ್ಲಿ ಅಚ್ಚಾಗಿ ಹೊರಬಂದಿತು. ಇಂದು ಅದನ್ನು ಓದುವವರು ಮುದ್ರಣವನ್ನು ದೂಷಿಸುವುದಿಲ್ಲ. ಅಂದಿನ ಆ ವಾದವೂ ಒಂದು ಯಂತ್ರದ ಮೇಲಿನ ಅಭಿಪ್ರಾಯವೇ. ಆದರೆ ಎರಡು ಪಕ್ಷದವರಿಗೂ ಶಾಸ್ತ್ರದ ಮೇಲೆ ಭಕ್ತಿಯಿತ್ತು, ತಮ್ಮ ಮಾತಿನ ಹೊಣೆಯಿತ್ತು, ಎದುರಿನವನ ಮುಖ ಕಾಣುತ್ತಿತ್ತು. ಅಂತಹ ಅಭಿಪ್ರಾಯವು ಅರ್ಥಸಹಿತವಾದುದು. ಅನ್ಯಾಯವನ್ನು ಕಂಡು, ಅರಿತು, ಹೊಣೆ ಹೊತ್ತು ಹೇಳುವ ಮಾತು ಧರ್ಮವೇ. ಅಲ್ಲಿ ಬಾಯಿ ಮುಚ್ಚಿಕೊಂಡರೆ ಅದು ಮೌನವ್ರತವಲ್ಲ, ಹೇಡಿತನ. ಸುಳ್ಳು ವಾರ್ತೆಯು ಗುಂಪಿನಲ್ಲಿ ಬಂದಾಗ, ‘ಇದು ನಿಜವಲ್ಲ, ಮುಂದಕ್ಕೆ ಕಳುಹಿಸಬೇಡಿ’ ಎಂದು ಒಬ್ಬರು ಬರೆದರೆ ಅದು ಅಭಯದಾನಕ್ಕೆ ಸಮೀಪವಾದ ಮಾತು.

ಮೌನದ ಮಹಿಮೆಗೆ ನಮ್ಮ ಪರಂಪರೆಯಲ್ಲಿರುವ ದೊಡ್ಡ ನಿದರ್ಶನವೆಂದರೆ ಭಗವಾನ್ ಮಹಾವೀರರದೇ. ಕೇವಲಜ್ಞಾನವು ಪ್ರಾಪ್ತವಾದ ಮೇಲೂ 66 ದಿನಗಳವರೆಗೆ ದಿವ್ಯಧ್ವನಿಯು ಹೊರಡಲಿಲ್ಲವೆಂದು ದಿಗಂಬರ ಆಮ್ನಾಯವು ಹೇಳುತ್ತದೆ. ಇಂದ್ರಭೂತಿ ಗೌತಮರು ಗಣಧರರಾಗಿ ಒದಗಿದ ಮೇಲೆ, ರಾಜಗೃಹದ ವಿಪುಲಾಚಲದಲ್ಲಿ, ಶ್ರಾವಣ ಕೃಷ್ಣ ಪ್ರತಿಪದೆಯಂದು ಅದು ಪ್ರಕಟವಾಯಿತು. ಆ ದಿನವನ್ನು ನಾವು ವೀರಶಾಸನ ಜಯಂತಿಯೆಂದು ಆಚರಿಸುತ್ತೇವೆ. ಸಕಲವನ್ನೂ ಅರಿತ ಸರ್ವಜ್ಞನ ವಾಣಿಯೂ ಧಾರಣೆ ಮಾಡಬಲ್ಲ ಪಾತ್ರನಿಲ್ಲದೆ ಪ್ರಕಟವಾಗಲಿಲ್ಲ. ಅರ್ಧವನ್ನೂ ಅರಿಯದ ನಾವು, ಕೇಳುವವರು ಯಾರೆಂದೂ ತಿಳಿಯದೆ, 66 ಕ್ಷಣಗಳೂ ತಾಳುವುದಿಲ್ಲ.

ವ್ರತಕ್ಕೆ ಬಾಹ್ಯ ಸಾಧನಗಳ ನೆರವು ಇರಬಾರದೆಂದಿಲ್ಲ. ಸುಳ್ಳು ವಾರ್ತೆಗಳಿಂದ ಪ್ರಾಣಹಾನಿಯಾದ ಮೇಲೆ, 2018ರಲ್ಲಿಯೇ ವಾಟ್ಸ್ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಳಿಗಿಂತ ಹೆಚ್ಚು ಕಳುಹಿಸದಂತೆ ಮಿತಿಗೊಳಿಸಿತು. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ 7 ಗಂಟೆಗೆ ದೇವಸ್ಥಾನದ ಸೈರನ್ ಮೊಳಗಿದೊಡನೆ ಜನರು ಒಂದೂವರೆ ಗಂಟೆ ಕಾಲ ಮೊಬೈಲ್ ಮತ್ತು ದೂರದರ್ಶನಗಳನ್ನು ಬದಿಗಿಡುವ ಪದ್ಧತಿಯನ್ನು ಕೈಗೊಂಡರು. ಇವು ಶ್ಲಾಘನೀಯ. ಆದರೆ ಸಂಸ್ಥೆಯು ಹಾಕಿದ ಮಿತಿಯು ಬೇಲಿ, ತಾನಾಗಿ ಹಾಕಿಕೊಂಡ ಮಿತಿಯು ವ್ರತ. ಬೇಲಿಯಿಂದ ಪೈರು ಉಳಿಯಬಹುದು, ದನದ ಆಸೆಯು ಅಳಿಯುವುದಿಲ್ಲ.

ಉಪವಾಸವೆಂದರೆ ಆತ್ಮನ ಸಮೀಪದಲ್ಲಿ ವಾಸಿಸುವುದೆಂದು ಎಲ್ಲರೂ ಬಲ್ಲರು. ಅಷ್ಟಮಿಯಂದು ನೀರನ್ನೂ ಮುಟ್ಟದೆ ಕುಳಿತ ಶ್ರಾವಕನು ದಿನವಿಡೀ ಮೊಬೈಲಿನಲ್ಲಿ ಪರರ ಜಗಳಗಳನ್ನು ಓದುತ್ತಿದ್ದರೆ, ಅವನ ಹೊಟ್ಟೆಯೊಂದೇ ಉಪವಾಸವಿದ್ದಂತಾಯಿತು. ಕಣ್ಣು, ಕಿವಿ, ಮನಸ್ಸುಗಳು ಔತಣವನ್ನುಂಡವು. ಪ್ರೋಷಧೋಪವಾಸದ ದಿನ ಕಿವಿಗಳಿಂದ ಧರ್ಮಾಮೃತವನ್ನು ತಾನು ಕುಡಿಯಬೇಕು, ಇತರರಿಗೂ ಕುಡಿಸಬೇಕು ಎಂಬುದು ಸಮಂತಭದ್ರರ ಉಪದೇಶ. ಆದ್ದರಿಂದ ನಮ್ಮ ಕುಟುಂಬಗಳಲ್ಲಿ ಶಕ್ತ್ಯನುಸಾರ ಕೆಲವು ನಿಯಮಗಳನ್ನು ಕಾಲಪರಿಮಾಣದೊಡನೆ ಸ್ವೀಕರಿಸಬಹುದು. ಪರ್ವದಿನಗಳಂದು ಸೂರ್ಯಾಸ್ತದಿಂದ ಮರುದಿನದ ಜಿನದರ್ಶನದವರೆಗೆ ಅವಶ್ಯ ಕರೆಗಳನ್ನುಳಿದು ಮೊಬೈಲನ್ನು ಮುಟ್ಟದಿರುವುದು. ತಾನು ಸ್ವತಃ ತಿಳಿಯದ, ಪೂರ್ಣವಾಗಿ ಓದದ ಯಾವುದನ್ನೂ ಮುಂದಕ್ಕೆ ಕಳುಹಿಸದಿರುವುದು. ಎದುರಿಗೆ ನಿಂತು ಹೇಳಲಾಗದ ಮಾತನ್ನು ಮರೆಯಲ್ಲಿ ಬರೆಯದಿರುವುದು. ಚಾತುರ್ಮಾಸದ ನಾಲ್ಕು ತಿಂಗಳ ಮಟ್ಟಿಗೆ ಇವುಗಳಲ್ಲಿ ಒಂದನ್ನಾದರೂ ಪಾಲಿಸಿ ನೋಡಿದರೆ, ಬಿಟ್ಟ ಮಾತುಗಳಲ್ಲಿ ಬೇಕಾಗಿದ್ದುದು ಎಷ್ಟು ಕಡಿಮೆಯಿತ್ತೆಂಬುದು ತಾನೇ ತಿಳಿಯುವುದು.

ದಶಲಕ್ಷಣ ಪರ್ವವು ಮುಗಿದು ಕ್ಷಮಾವಣಿಯ ದಿನ ಬಂದಾಗ, ನೂರಾರು ಜನರಿಗೆ ಒಂದೇ ಅಚ್ಚಿನ ಕ್ಷಮಾಯಾಚನೆಯ ಸಂದೇಶವು ಒಂದೇ ಕ್ಷಣದಲ್ಲಿ ಹೋಗುತ್ತದೆ. ಆ ನೂರಾರು ಜನರಲ್ಲಿ ಬಹುಮಂದಿಗೆ ನಾವು ಯಾವ ಅಪರಾಧವನ್ನೂ ಮಾಡಿರುವುದಿಲ್ಲ. ನಮ್ಮ ಒಂದು ಹಗುರ ಮಾತಿನಿಂದ ನಿಜವಾಗಿ ನೊಂದವನ ಹೆಸರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಅವನ ಮನೆ ಸಮೀಪದಲ್ಲಿದ್ದರೆ ನಡೆದು ಹೋಗಬೇಕು. ದೂರವಿದ್ದರೆ ಕರೆದು ಮಾತನಾಡಬೇಕು. ಹತ್ತು ಮಂದಿಯ ಮುಂದೆ ಆಡಿದ ಮಾತಾಗಿದ್ದರೆ ಅದೇ ಹತ್ತು ಮಂದಿಯ ಮುಂದೆ ಹಿಂದಕ್ಕೆ ಪಡೆಯಬೇಕು. ಯಾರೆಂದೇ ತಿಳಿಯದವನನ್ನು ನೋಯಿಸಿದ್ದರೆ ಕ್ಷಮೆ ಬೇಡಲು ವಿಳಾಸವೂ ದೊರೆಯದು. ಆ ಋಣವು ತೀರದೆ ಉಳಿಯಬಾರದೆಂದೇ ಆಚಾರ್ಯರು ಮೊದಲೇ ಈ ವ್ರತವನ್ನು ವಿಧಿಸಿದ್ದಾರೆ. ಹೊಲಕ್ಕೆ ನೀರು ಬಿಡುವವನು ಮಡೆಯನ್ನು ತೆರೆಯುವ ಮೊದಲು ನೀರು ಎಲ್ಲಿಗೆ ಹರಿಯುವುದೆಂದು ನೋಡುತ್ತಾನೆ. ಮಾತನ್ನು ಬಿಡುವ ಶ್ರಾವಕನೂ ಹಾಗೆಯೇ ನೋಡಬೇಕು.